ರೋಹಿಣಿಯಲ್ಲಿ ಗೊಂಚಲುಕಳ್ಳಿ

ಮೇ ತಿಂಗಳ 25ರ ಸುಮಾರಿಗೆ ಸೂರ್ಯನು ರೋಹಿಣೀ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ಕನ್ನಡನಾಡಿನ ಬೇಸಾಯಗಾರನಿಗೆ ಅದು ಮಳೆಯ ಹೆಸರು: ರೋಹಿಣಿ ಮಳೆ ಹದವಾಗಿ ಬಿದ್ದಿತೆಂದರೆ ಹೊಲಕ್ಕೆ ನೇಗಿಲು ಇಳಿಯುತ್ತದೆ, ಅಟ್ಟದ ಮೇಲಿನ ಬೀಜದ ಚೀಲದ ಬಾಯಿ ಬಿಚ್ಚುತ್ತದೆ. ಅದೇ ಸೂರ್ಯ, ಅದೇ ನಕ್ಷತ್ರ, ಅದೇ ದಿನ ದೆಹಲಿಯವರಿಗೆ ಮಾತ್ರ ಬೆಂಕಿಯ ಹೆಸರು. ‘ನೌತಪಾ’ ಎಂದು ಕರೆದು, ಒಂಬತ್ತು ದಿನಗಳ ಆ ಉರಿಯನ್ನು ಅವರು ಕಿಟಕಿಗಳಿಗೆ ಪರದೆ ಎಳೆದುಕೊಂಡು ಕಳೆಯುತ್ತಾರೆ. ನಾನು ವಾಸಿಸುವ ಊರಿನ ಹೆಸರೂ ರೋಹಿಣಿಯೇ. 1981ರ ವಸತಿ ಯೋಜನೆಯಿಂದ ಮೊದಲುಗೊಂಡು ದೆಹಲಿ ಅಭಿವೃದ್ಧಿ ಪ್ರಾಧಿಕಾರವು ರಾಜಧಾನಿಯ ವಾಯವ್ಯದ ಅಂಚಿನಲ್ಲಿ ಸೆಕ್ಟರು ಸೆಕ್ಟರಾಗಿ ಎಬ್ಬಿಸಿದ ಈ ಉಪನಗರದಲ್ಲಿ, ಮೂರನೆಯ ಮಹಡಿಯ ಪೂರ್ವಾಭಿಮುಖವಾದ ಬಾಲ್ಕನಿಯ ಕಟ್ಟೆಯ ಮೇಲೆ, ಗೇಣಗಲದ ಮಣ್ಣಿನ ಕುಂಡವೊಂದರಲ್ಲಿ, ಬಿಳಿಯ ಮುಳ್ಳಿನ ನಲವತ್ತು ಪುಟ್ಟ ತಲೆಗಳನ್ನು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವ ಗೊಂಚಲುಕಳ್ಳಿಯ ಗಿಡವೇ ಈ ಲೇಖನದ ವಿಷಯ.

ಇದು ನನ್ನ ಎರಡನೆಯ ಗಿಡ. ಮೊದಲನೆಯದನ್ನು ನಾನು ಕಳೆದುಕೊಂಡದ್ದು ಎರಡು ಊರುಗಳ ಪಂಚಾಂಗವನ್ನು ಒಂದೇ ಎಂದು ಭಾವಿಸಿದುದರಿಂದ. ಆರಿದ್ರಾ ಮಳೆ ಹಿಡಿದೊಡನೆ ಮನೆಯ ಕುಂಡಗಳನ್ನೆಲ್ಲ ಅಂಗಳಕ್ಕೆ ತಂದು ಆಕಾಶದ ನೀರಿಗೆ ಒಡ್ಡುತ್ತಿದ್ದ ನಮ್ಮ ಅಜ್ಜಿಯ ಪದ್ಧತಿಯನ್ನು ನೆನೆದು, ಜೂನ್ ಕೊನೆಯಲ್ಲಿ ದೆಹಲಿಗೆ ಮುಂಗಾರು ತಲುಪಿದ ದಿನ, ತಿಂಗಳುಗಟ್ಟಲೆ ಬೆಂದ ಈ ಬಡ ಜೀವಕ್ಕೂ ತಂಪಾಗಲೆಂದು ಅದನ್ನು ಬಯಲಿಗೆ ಇಟ್ಟೆನು. ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮುಟ್ಟಿ ನೋಡಿದರೆ ಬೆರಳು ಒಳಗಿಳಿಯಿತು. ಹೊರಗಿನ ಮುಳ್ಳಿನ ಜಾಲರಿ ಇದ್ದಂತೆಯೇ ಬೆಳ್ಳಗೆ, ಸುಂದರವಾಗಿ ಇದ್ದಿತು. ಒಳಗಿನ ತಿರುಳೆಲ್ಲ ಕಂದುಬಣ್ಣದ ಗಂಜಿಯಾಗಿದ್ದಿತು. ವಾರಕ್ಕೊಮ್ಮೆ ನಮ್ಮ ಕಟ್ಟಡದ ಗಿಡಗಳನ್ನು ನೋಡಿಕೊಳ್ಳಲು ಬರುವ ಮಾಲಿ ಆ ಕುಂಡವನ್ನು ಬಗ್ಗಿಸಿ ನೋಡಿ ಹೇಳಿದನು: “ಬಾಬೂಜಿ, ಇದು ಬಾಯಾರಿ ಸತ್ತುದನ್ನು ನಾನು ಕಂಡಿಲ್ಲ. ಸಾವನ್ (ಶ್ರಾವಣ) ತಿಂಗಳಲ್ಲಿ ಕೊಳೆತು ಸಾಯುವುದನ್ನು ವರ್ಷವರ್ಷವೂ ಕಾಣುತ್ತೇನೆ.” ದಕ್ಷನ ಇಪ್ಪತ್ತೇಳು ಮಂದಿ ಕನ್ಯೆಯರಲ್ಲಿ ರೋಹಿಣಿಯೊಬ್ಬಳನ್ನೇ ಮಿತಿಮೀರಿ ಮೆಚ್ಚಿದ ಚಂದ್ರನಿಗೆ ಕ್ಷಯವು ಪ್ರಾಪ್ತವಾಯಿತೆಂಬ ಪುರಾಣಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಕ್ಷಯವು ಪ್ರೀತಿಸಿದವನಿಗೆ ಬಂದಿತು; ಗಿಡಗಳ ವಿಷಯದಲ್ಲಿ ಅದು ಪ್ರೀತಿಸಲ್ಪಟ್ಟುದಕ್ಕೆ ಬರುತ್ತದೆ.

ಈ ಗಿಡದ ಶಾಸ್ತ್ರೀಯ ಕುಲನಾಮ ಮ್ಯಾಮಿಲ್ಲೇರಿಯಾ. 1753ರಲ್ಲಿ ಲಿನ್ನೇಯಸನು ಈ ಬಳಗದ ಒಂದು ಸಸ್ಯವನ್ನು ವರ್ಣಿಸಿದನು. 1812ರಲ್ಲಿ ಇಂಗ್ಲೆಂಡಿನ ಹಾವರ್ತನು ಇದನ್ನು ಪ್ರತ್ಯೇಕ ಕುಲವಾಗಿ ಸ್ಥಾಪಿಸಿದನು. ಲ್ಯಾಟಿನ್ನಿನಲ್ಲಿ ಆ ಕುಲನಾಮದ ಮೂಲಶಬ್ದಕ್ಕೆ ಚೂಚುಕವೆಂದು ಅರ್ಥ. ಪಕ್ಕೆಗಳ ಬದಲು ಮೈತುಂಬ ಪುಟ್ಟ ಪುಟ್ಟ ಮೊಟ್ಟುಗಳಿರುವುದೇ ಆ ಹೆಸರಿಗೆ ಕಾರಣ. ನನ್ನಲ್ಲಿರುವ ಬಗೆಗೆ ಗ್ರಾಸಿಲಿಸ್ ಎಂದು ಹೆಸರು. ಮಧ್ಯ ಮೆಕ್ಸಿಕೋದ ಹಿಡಾಲ್ಗೊ ಮತ್ತು ಕೆರೆಟಾರೊ ಪ್ರಾಂತಗಳ ಬೆಟ್ಟಸೀಮೆ ಇದರ ತವರು. ದರ್ಜಿಗಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಡುವ ಲೋಹದ ಟೋಪಿಯಷ್ಟು ದಪ್ಪದ ಕಾಂಡ. ಅದರ ಪಕ್ಕದಲ್ಲಿ ಮರಿ, ಮರಿಯ ಪಕ್ಕದಲ್ಲಿ ಇನ್ನೊಂದು ಮರಿ, ಹೀಗೆ ಕೆಲವು ವರ್ಷಗಳಲ್ಲಿ ಕುಂಡವೆಲ್ಲ ಒಂದು ಗೊಂಚಲು.

ಭೂತಗನ್ನಡಿಯೊಂದನ್ನು ಹಿಡಿದು ಒಂದೇ ತಲೆಯನ್ನು ನೋಡಬೇಕು. ಪ್ರತಿಯೊಂದು ಮೊಟ್ಟಿನ ತುದಿಯಲ್ಲಿಯೂ ಹತ್ತಿಯ ಚೂರಿನಂತಹ ಒಂದು ಮೆತ್ತೆಯುಂಟು. ಆ ಮೆತ್ತೆಯಿಂದ ಬಿಳಿಯ ಮುಳ್ಳುಗಳು ನಕ್ಷತ್ರದ ಕಿರಣಗಳಂತೆ ಸುತ್ತಲೂ ಚಾಚಿ, ಪಕ್ಕದ ಮೊಟ್ಟಿನ ಮುಳ್ಳುಗಳೊಡನೆ ಹೆಣೆದುಕೊಂಡು, ಹಸಿರು ಮೈಗೆ ಒಂದು ಜಾಲರಿಯ ನೆರಳನ್ನು ಹೊದಿಸಿವೆ. ಮುಳ್ಳು ಇರಿಯುವುದಕ್ಕೆ ಮಾತ್ರ ಇರುವುದೆಂದು ತಿಳಿದ ನಮಗೆ, ಅದು ಬಿಸಿಲಿಗೆ ಹಿಡಿದ ಕೊಡೆಯೂ ಹೌದೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೊಟ್ಟುಗಳನ್ನು ಬುಡದಿಂದ ತುದಿಗೆ ಎಣಿಸುತ್ತ ಹೋದರೆ ಅವು ಸುರುಳಿಗಳಾಗಿ ಏರುವುದು ಗೋಚರವಾಗುತ್ತದೆ: ಒಂದು ದಿಕ್ಕಿನಲ್ಲಿ ಐದಾದರೆ ಎದುರು ದಿಕ್ಕಿನಲ್ಲಿ ಎಂಟು, ದೊಡ್ಡ ಜಾತಿಗಳಲ್ಲಿ 8 ಮತ್ತು 13, 13 ಮತ್ತು 21. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಈ ಸಂಖ್ಯಾಕ್ರಮವನ್ನು ನಮ್ಮ ದೇಶದ ಛಂದಶ್ಶಾಸ್ತ್ರಜ್ಞರು ಗುರು ಲಘುಗಳ ಮಾತ್ರಾವಿನ್ಯಾಸವನ್ನು ಎಣಿಸುವಾಗ ಕಂಡುಕೊಂಡಿದ್ದರು. ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಅದನ್ನು ನಿರೂಪಿಸಿದ್ದಾರೆ. ಪದ್ಯದ ಪಾದವನ್ನು ಅಳೆದ ಲೆಕ್ಕವೇ ಮೆಕ್ಸಿಕೋದ ಮುಳ್ಳುಗಿಡದ ಮೈಮೇಲೆಯೂ ಬರೆದಿದೆಯೆಂದು ತಿಳಿದ ದಿನ ನನಗಾದ ಸಂತೋಷ ಇಂದಿಗೂ ಆರಿಲ್ಲ.

ಇಲ್ಲಿ ‘ಕಳ್ಳಿ’ ಎಂಬ ಹೆಸರಿನ ಗೊಂದಲವೊಂದನ್ನು ಪರಿಹರಿಸಬೇಕು. ನಮ್ಮ ಹೊಲದ ಬೇಲಿಗಳಲ್ಲಿರುವ ಜಡೆಕಳ್ಳಿ, ಎಲೆಕಳ್ಳಿಗಳು ಹಾಲು ಸುರಿಸುವ ಬೇರೆಯೇ ಕುಟುಂಬದವು. ಅವಕ್ಕೂ ಇದಕ್ಕೂ ರೂಪಸಾಮ್ಯವಲ್ಲದೆ ರಕ್ತಸಂಬಂಧವಿಲ್ಲ. ಹಾಲೊಂದನ್ನೇ ನೋಡಿ ಬೇರ್ಪಡಿಸುವುದೂ ಸರಿಯಲ್ಲ, ಮ್ಯಾಮಿಲ್ಲೇರಿಯಾಗಳಲ್ಲಿಯೂ ಕೆಲವಕ್ಕೆ ಹಾಲುಂಟು. ಮುಳ್ಳು ಹುಟ್ಟುವ ಆ ಹತ್ತಿಯ ಮೆತ್ತೆಯೇ ಈ ಕುಟುಂಬದ ನಿಜವಾದ ಗುರುತು. ಒಂದೇ ಒಂದು ಜಾತಿಯನ್ನು ಬಿಟ್ಟರೆ ಈ ಕುಟುಂಬದ ಸಸ್ಯಗಳೆಲ್ಲ ಅಮೆರಿಕ ಖಂಡಗಳವು. ಊರ ಹೊರಗಿನ ಪಾಪಾಸುಕಳ್ಳಿ ಇದೇ ಕುಟುಂಬದಿಂದ ಬಂದ ಪರದೇಶಿ. ಅಷ್ಟೇ ಅಲ್ಲ, ವರ್ಷಕ್ಕೊಂದೆರಡು ರಾತ್ರಿ ಅರಳಿ ಬೀದಿಯವರನ್ನೆಲ್ಲ ಅಂಗಳಕ್ಕೆ ಕರೆಯುವ, ನಾವು ಆರತಿ ಎತ್ತಿ ಬ್ರಹ್ಮಕಮಲವೆಂದು ಪೂಜಿಸುವ ಹೂವೂ ಈ ಕಳ್ಳಿಯ ಕುಟುಂಬದ್ದೇ.

ಇನ್ನು ಈ ಗಿಡದ ಬಾಳಿನ ರಹಸ್ಯಕ್ಕೆ ಬರೋಣ. ಅದರ ಬಾಗಿಲನ್ನು ಮೊದಮೊದಲಿಗೆ ತಟ್ಟಿದವರಲ್ಲಿ ಒಬ್ಬನಿಗೂ ಬೆಂಗಳೂರಿಗೂ ಸಂಬಂಧವುಂಟು. ಶ್ರೀರಂಗಪಟ್ಟಣದ ಪತನಾನಂತರ ಕೆಲಕಾಲ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಎಂಬಾತನು, ನಮ್ಮ ಹಿತ್ತಲುಗಳ ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿ, ಅದು ಬೆಳಗ್ಗೆ ಹುಳಿಯಾಗಿಯೂ ನಡುಹಗಲಿಗೆ ರುಚಿಯಿಲ್ಲದೆಯೂ ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಕಂಡು, ಲಂಡನ್ನಿನ ಲಿನ್ನೇಯನ್ ಸೊಸೈಟಿಗೆ ಬರೆದನು. 1815ರಲ್ಲಿ ಅದು ಪ್ರಕಟವಾಯಿತು. ಆ ಹುಳಿಯ ಅರ್ಥವನ್ನು ವಿಜ್ಞಾನಿಗಳು ಬಹುಕಾಲದ ಮೇಲೆ ಬಿಡಿಸಿದರು. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆದರೆ ಆ ತೆರೆದ ಬಾಗಿಲಿನಿಂದ ನೀರೂ ಆವಿಯಾಗಿ ಹೊರಟುಹೋಗುತ್ತದೆ. ಕಾಡುಬಸಳೆಯಂತೆ ಕಳ್ಳಿಯೂ ಹಗಲೆಲ್ಲ ಬಾಗಿಲಿಕ್ಕಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆದು, ಆ ವಾಯುವನ್ನು ಮ್ಯಾಲಿಕ್ ಆಮ್ಲವೆಂಬ ಹುಳಿಯ ರೂಪದಲ್ಲಿ ಒಡಲಲ್ಲಿ ಕೂಡಿಟ್ಟು, ಮರುದಿನ ಸೂರ್ಯನು ಬಂದಾಗ ಬಾಗಿಲು ಮುಚ್ಚಿಕೊಂಡೇ ಅದರಿಂದ ಅಡಿಗೆ ಮಾಡಿಕೊಳ್ಳುತ್ತದೆ. ಹೈನೆಯ ನಾಲಗೆಗೆ ಬೆಳಗ್ಗೆ ಸಿಕ್ಕಿದ ಹುಳಿ, ರಾತ್ರಿಯ ಉಸಿರಿನ ಉಗ್ರಾಣ.

ಈ ಒಂದು ಸಂಗತಿಯನ್ನು ಮನಗಂಡರೆ ದೆಹಲಿಯಲ್ಲಿ ಕಳ್ಳಿ ಬೆಳೆಸುವ ಶಾಸ್ತ್ರವೆಲ್ಲ ಅದರಿಂದಲೇ ಹೊರಡುತ್ತದೆ. ಮರುಭೂಮಿಯ ಗಿಡವೆಂದು ಕೇಳಿದೊಡನೆ, ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ಸುಖವೆಂದು ನಾವು ಊಹಿಸುತ್ತೇವೆ. ಅದರ ತವರಾದರೋ ಎತ್ತರದ ಬೆಟ್ಟಸೀಮೆ. ಹಗಲು ಎಷ್ಟೇ ಸುಟ್ಟರೂ ರಾತ್ರಿ ತಣ್ಣಗಾಗುತ್ತದೆ. ಅಲ್ಲಿಯೂ ಮಳೆ ಬೀಳುವುದು ನಮ್ಮ ಮುಂಗಾರಿನ ತಿಂಗಳುಗಳಲ್ಲೇ. ಆದರೆ ಬಿದ್ದ ನೀರು ಕಲ್ಲಿನ ಸಂದುಗಳಲ್ಲಿ ಇಳಿದುಹೋಗುತ್ತದೆ, ತಂಪು ರಾತ್ರಿಯಲ್ಲಿ ಬೇರು ಅದನ್ನು ಕುಡಿದು ಅರಗಿಸಿಕೊಳ್ಳುತ್ತದೆ. ದೆಹಲಿಯ ಮೇ, ಜೂನ್ ತಿಂಗಳುಗಳಲ್ಲಿ ಹಗಲಿನ ತಾಪ 45 ಡಿಗ್ರಿಯನ್ನು ಮುಟ್ಟುವುದಿರಲಿ, ರಾತ್ರಿಯೂ 30ರ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಗೋಡೆ ನೆಲಗಳೆಲ್ಲ ಹೊತ್ತು ಮುಳುಗಿದ ಮೇಲೂ ಹಬೆಯಾಡುತ್ತಿರುತ್ತವೆ. ತಂಪಿಲ್ಲದ ರಾತ್ರಿಯಲ್ಲಿ ಕಳ್ಳಿ ಸರಿಯಾಗಿ ಬಾಗಿಲು ತೆರೆಯದು, ಉಸಿರಿಲ್ಲದೆ ಬೆಳವಣಿಗೆಯಿಲ್ಲ, ಬೆಳವಣಿಗೆಯಿಲ್ಲದ ಬೇರಿಗೆ ನೀರು ಅನ್ನವಲ್ಲ, ಭಾರ. ಇದರ ಬೆನ್ನಿಗೆ ಮುಂಗಾರು ಬಂದು, ವರ್ಷದ ಮಳೆಯ ಮುಕ್ಕಾಲಿಗೂ ಹೆಚ್ಚು ಭಾಗವನ್ನು ಮೂರು ತಿಂಗಳಲ್ಲಿ ಸುರಿಸುತ್ತದೆ. ಸೆಕೆಯೂ ತೇವವೂ ಜೊತೆಗೂಡಿದ ಆ ಕಾಲವೇ ಕೊಳೆರೋಗದ ಶಿಲೀಂಧ್ರಗಳಿಗೆ ಸುಗ್ಗಿ. ನನ್ನ ಮೊದಲನೆಯ ಗಿಡ ಸತ್ತುದಕ್ಕೆ ಕಾರಣ ಮಳೆಯೊಂದೇ ಅಲ್ಲ. ಬಿಸಿರಾತ್ರಿಯಲ್ಲಿ ಬಿದ್ದ ಮಳೆ.

ಆದುದರಿಂದ ಮೊದಲ ಕೆಲಸ, ನೀರು ನಿಲ್ಲದ ನೆಲವೊಂದನ್ನು ಕುಂಡದೊಳಗೆ ಸೃಷ್ಟಿಸುವುದು. ರೋಹಿಣಿಯ ತೋಟದ ಮಣ್ಣು ಯಮುನೆಯ ಬಯಲಿನ ನುಣುಪಾದ ಮೆಕ್ಕಲು. ಒದ್ದೆಯಾದರೆ ಅಂಟು, ಒಣಗಿದರೆ ಹೆಂಟೆ. ಯಮುನೆಯ ಸಣ್ಣ ಮರಳನ್ನು ಬೆರೆಸಿದರೂ ಅದು ಗಾರೆಯಂತೆ ಬಿಗಿಯುವುದೇ ಹೊರತು ಸಡಿಲವಾಗುವುದಿಲ್ಲ. ದೆಹಲಿಯ ಕಟ್ಟಡ ಕೆಲಸದವರು ‘ಬದರ್‌ಪುರ್’ ಎಂದು ಕರೆಯುವ ಕೆಂಪು ಛಾಯೆಯ ದಪ್ಪ ಮರಳೇ ಇಲ್ಲಿಯ ಕಳ್ಳಿಗೆ ತಕ್ಕುದು. ಅದನ್ನು ಜರಡಿ ಹಿಡಿದು, ದೂಳನ್ನು ತೊಳೆದು ತೆಗೆದು, ಅಕ್ಕಿನುಚ್ಚಿನಿಂದ ಜೋಳದ ಕಾಳಿನ ಗಾತ್ರದವರೆಗಿನ ಹರಳುಗಳನ್ನು ಉಳಿಸಿಕೊಂಡು, ಅಂತಹ ಎರಡು ಪಾಲಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಇಟ್ಟಿಗೆಯ ಚೂರು ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಮುಷ್ಟಿಯಲ್ಲಿ ಒದ್ದೆಮಾಡಿ ಹಿಚುಕಿದಾಗ ಉಂಡೆಯಾಗದೆ ಉದುರಬೇಕು, ಅದೇ ಪರೀಕ್ಷೆ. ಬೇರು ಆಳಕ್ಕೆ ಹೋಗುವುದಲ್ಲವಾದುದರಿಂದ ಕುಂಡ ಅಗಲವಾಗಿ, ಆಳವಿಲ್ಲದೆ, ಬಣ್ಣ ಬಳಿಯದ ಸುಟ್ಟ ಮಣ್ಣಿನದಾಗಿರತಕ್ಕದ್ದು. ಅದರ ಗೋಡೆಯೇ ತೇವವನ್ನು ಹೀರಿ ಹೊರಕ್ಕೆ ಬಿಡುತ್ತದೆ.

ನೀರನ್ನು ಯಾವಾಗ ಹಾಕಬೇಕೆಂಬುದಕ್ಕೆ ವಾರದ ಲೆಕ್ಕ ಉಪಯೋಗಕ್ಕೆ ಬಾರದು. ದೇವರ ಮುಂದೆ ಉರಿದು ಮುಗಿದ ಊದುಬತ್ತಿಯ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿಗೆ ಮಣ್ಣಿನ ಕಣ ಅಂಟಿದ್ದರೆ, ಅಥವಾ ಅದು ಕೆನ್ನೆಗೆ ತಣ್ಣಗೆ ತಗುಲಿದರೆ, ಇನ್ನೂ ಹೊತ್ತು ಬಂದಿಲ್ಲ. ಪೂರ್ತಿ ಒಣಗಿದ್ದರೆ ಮಾತ್ರ ಸಂಜೆಯ ಹೊತ್ತು, ತಳದ ತೂತಿನಿಂದ ಹರಿದು ಬರುವಷ್ಟು ಧಾರಾಳವಾಗಿ ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿಬಿಡಬೇಕು. ಇಲ್ಲಿ ಮನೆಮನೆಯಲ್ಲಿಯೂ ಕುಡಿಯುವ ನೀರನ್ನು ಸೋಸುವ ಯಂತ್ರವುಂಟು. ಅದು ಹೊರಹಾಕುವ ನೀರನ್ನು ದಂಡವಾಗಬಾರದೆಂದು ಗಿಡಗಳಿಗೆ ಎರೆಯುವವರೂ ಬಹಳ. ನೆಲ ಒರೆಸಲು ಆ ನೀರು ಒಳ್ಳೆಯದು. ಲವಣಗಳೆಲ್ಲ ಅದರಲ್ಲಿಯೇ ಸಾಂದ್ರವಾಗಿ ಉಳಿದಿರುವುದರಿಂದ ಕಳ್ಳಿಯ ಬೇರಿಗೆ ಮಾತ್ರ ಕೇಡು. ಮಳೆಗಾಲದಲ್ಲಿ ಹಿಡಿದಿಟ್ಟ ಎರಡು ಬಕೆಟ್ಟು ಮಳೆನೀರು ಇಂತಹ ಒಂದು ಕುಂಡಕ್ಕೆ ತಿಂಗಳುಗಟ್ಟಲೆ ಸಾಲುತ್ತದೆ.

ಈಗ ಕಾಲಮಾನ. ಕನ್ನಡಿಗರಾದ ನಮಗೆ ಮಳೆನಕ್ಷತ್ರಗಳ ಲೆಕ್ಕ ಬಾಯಲ್ಲಿಯೇ ಇರುವುದರಿಂದ ಅದನ್ನು ಬಿಡಬೇಕಾದ ಅಗತ್ಯವಿಲ್ಲ. ಅದರ ಅರ್ಥವನ್ನು ಮಾತ್ರ ಇಲ್ಲಿಗೆ ತಿರುಗಿಸಿಕೊಳ್ಳಬೇಕು. ಕೃತ್ತಿಕೆ, ರೋಹಿಣಿ, ಮೃಗಶಿರಾ, ಎಂದರೆ ಮೇ ನಡುವಿನಿಂದ ಜೂನ್ ಮೂರನೆಯ ವಾರದವರೆಗೆ, ಗಿಡಕ್ಕೆ ನಿದ್ರೆ. ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ತಾಗಿದರೆ ಸಾಕು. ಆಮೇಲೆ ಹಸಿರು ನೆರಳುಬಲೆಯ ಮರೆ ಬೇಕು. ಸುಮಾರು ಹದಿನೈದು ದಿನಕ್ಕೊಮ್ಮೆ, ಕುಂಡದ ಬಿಸಿ ಆರಿದ ಮೇಲೆ ಇಳಿಹೊತ್ತಿನಲ್ಲಿ, ಒಂದೆರಡು ಲೋಟ ನೀರು. ಆರಿದ್ರೆಯಿಂದ ಮಘೆಯವರೆಗೆ, ಆಗಸ್ಟ್ ಕೊನೆಯ ತನಕ, ತಲೆಯ ಮೇಲೆ ಸೂರು, ಸುತ್ತಲೂ ಗಾಳಿ. ನೀರೆಂಬುದು ತಲೆಗಳು ಸುಕ್ಕುಗಟ್ಟಿದರೆ ಮಾತ್ರ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳು, ಎಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್, ಇಲ್ಲಿಯ ಕಳ್ಳಿಗೆ ನಿಜವಾದ ಮುಂಗಾರು. ಮಳೆ ಹಿಂದೆಗೆಯುತ್ತದೆ, ಆಕಾಶ ತೊಳೆದಂತಿರುತ್ತದೆ, ರಾತ್ರಿ ತಣಿಯುತ್ತದೆ. ತುದಿಯಲ್ಲಿ ಹೊಸ ಮುಳ್ಳು ಹಾಲುಬಿಳುಪಾಗಿ ಮೂಡುತ್ತದೆ. ಆಗ ಕಡ್ಡಿ ಒಣಗಿ ಬಂದರೆ, ಸುಮಾರು ಹತ್ತು ದಿನಕ್ಕೊಮ್ಮೆ ನೀರು ಎರೆಯಿರಿ, ತಿಂಗಳಿಗೊಮ್ಮೆ ಬಹಳ ತೆಳುವಾದ ಗೊಬ್ಬರದ ನೀರನ್ನು ಕೊಡಿರಿ.

ಸ್ವಾತಿ, ವಿಶಾಖೆಗಳ ವೇಳೆಗೆ ದೀಪಾವಳಿ. ಅದರೊಂದಿಗೆ ದೆಹಲಿಯ ಕುಖ್ಯಾತವಾದ ಹೊಗೆಮಂಜು. ವಾರಗಟ್ಟಲೆ ಸೂರ್ಯನು ತಾಮ್ರದ ಬಿಲ್ಲೆಯಂತೆ ಮಸುಕಾಗಿ ಕಾಣುವ ಆ ದಿನಗಳಲ್ಲಿ ಗಿಡಗಳ ಮೈಮೇಲೆ ಮಸಿಯ ತೆಳುಪೊರೆ ಕೂಡುತ್ತದೆ. ಮೆದುವಾದ ಬಣ್ಣದ ಕುಂಚದಿಂದ ಅದನ್ನು ಗುಡಿಸಿ, ನೀರನ್ನು ಕಡಮೆ ಮಾಡುತ್ತ ಬರಬೇಕು. ಡಿಸೆಂಬರ್ ಮೊದಲಿನಿಂದ ಫೆಬ್ರವರಿ ನಡುವಿನವರೆಗೆ ಹನಿ ನೀರೂ ಬೇಡ. ಜನವರಿಯ ಮುಂಜಾವಿನಲ್ಲಿ ತಾಪ 3, 4 ಡಿಗ್ರಿಗೆ ಇಳಿದರೂ ಒಣಗಿದ ಕಳ್ಳಿ ತಾಳುತ್ತದೆ. ಒದ್ದೆಯಾದ ಕಳ್ಳಿ ತಾಳದು. ಈ ಚಳಿಯ ಉಪವಾಸವನ್ನು ಕಂಡು ಮರುಗಬಾರದು, ಮೊಗ್ಗಿಗೆ ಅದೇ ಕಾರಣ. ಶಿಶಿರ ಮುಗಿದು ವಸಂತ ಕಾಲಿಡುವಾಗ, ಮೊಟ್ಟು ಮೊಟ್ಟುಗಳ ಸಂದಿನಿಂದ ಕೆನೆಬಣ್ಣದ ಪುಟ್ಟ ಹೂಗಳು ಇಣುಕುತ್ತವೆ. ಅಂದಿನಿಂದ ಮೆಲ್ಲನೆ ನೀರನ್ನು ಮತ್ತೆ ಮೊದಲು ಮಾಡಬೇಕು. ನನ್ನ ಕುಂಡದಲ್ಲಿ ಹೂವು ಬಂದುದು ಮೂರನೆಯ ವರ್ಷ, ನಾನು ಚಳಿಗಾಲದಲ್ಲಿ ನೀರೆರೆಯುವುದನ್ನು ಬಿಟ್ಟ ಮೊದಲನೆಯ ವರ್ಷ.

ಶತ್ರುಗಳಲ್ಲಿ ಮುಖ್ಯವಾದುದು ಹಿಟ್ಟುತಿಗಣೆ. ಮೊಟ್ಟುಗಳ ಸಂದಿನಲ್ಲಿ ಹತ್ತಿಯ ಎಳೆಯಂತೆ ಅಡಗಿರುವುದರಿಂದ, ಬಿಳಿಮುಳ್ಳಿನ ಗಿಡದಲ್ಲಿ ಅದನ್ನು ಪತ್ತೆಹಚ್ಚಲು ಕಣ್ಣು ಪಳಗಿರಬೇಕು. ಇದರ ದಾಯಾದಿಯಾದ ಒಂದು ಕೀಟವು ನಮ್ಮ ಇತಿಹಾಸದಲ್ಲಿಯೂ ಕಾಣಿಸಿಕೊಂಡಿದೆ: ಕಿರಮಂಜಿ ಬಣ್ಣಕ್ಕಾಗಿ ಕಂಪೆನಿಯವರು ಮದರಾಸಿನ ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯ ತೋಟವನ್ನೇ ಬೆಳೆಸಿದರು, 1795ರಲ್ಲಿ ಬಂದ ಕೀಟ ಉತ್ತಮವಾದ ಬಣ್ಣವನ್ನು ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ನಾಶಮಾಡಿತು. ಮುಂದೆ 1926ರಲ್ಲಿ ಅದೇ ಗುಂಪಿನ ಇನ್ನೊಂದು ಕೀಟವನ್ನು, ದಕ್ಷಿಣದ ಹೊಲಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿಯನ್ನು ಅಳಿಸಲೆಂದೇ ಸಿಂಹಳದಿಂದ ತರಿಸಿದರು. ಬಾಲ್ಕನಿಯ ಕುಂಡಕ್ಕೆ ಅಂತಹ ಯುದ್ಧ ಬೇಡ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ನೆರಳಿನಲ್ಲಿ ಒಂದೊಂದಾಗಿ ಮುಟ್ಟಿಸುತ್ತ ಬಂದು, ವಾರ ಬಿಟ್ಟು ಮತ್ತೊಮ್ಮೆ ಮಾಡಿದರೆ ಪೀಡೆ ಕಳೆಯುತ್ತದೆ.

ಗಿಡವನ್ನು ಎಲ್ಲಿಂದ ತರಬೇಕು? ರಸ್ತೆಬದಿಯ ನರ್ಸರಿಗಳಲ್ಲಿ ಕಳ್ಳಿಯ ನೆತ್ತಿಗೆ ಒಣಹೂವನ್ನು ಅಂಟಿನಿಂದ ಕೂಡಿಸಿ ಮಾರುವುದುಂಟು. ಆ ಅಂಟು ಬೆಳೆಯುವ ತುದಿಯನ್ನೇ ಮುಚ್ಚುತ್ತದೆ. ಹೂವನ್ನು ನೋಡಿ ಕೊಳ್ಳದೆ, ಬುಡವನ್ನು ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಕೊಳ್ಳಿರಿ. ಜಾತಿ ಜಾತಿಗಳನ್ನು ಕಣ್ಣಾರೆ ಕಂಡು ಆರಿಸಬೇಕೆನ್ನುವವರು ಚಂಡೀಗಢದ ಪಕ್ಕದ ಪಂಚಕುಲಾಕ್ಕೆ ಹೋಗಬಹುದು, ಡಾ. ಜೆ. ಎಸ್. ಸರ್ಕಾರಿಯಾ ಅವರ ಶ್ರಮದಿಂದ 1987ರಲ್ಲಿ ಅಲ್ಲಿ ಮೊದಲಾದ ರಾಷ್ಟ್ರೀಯ ಕಳ್ಳಿತೋಟವು ಏಳು ಎಕರೆಗಳಲ್ಲಿ ಹರಡಿದೆ. ಕಾಡಿನಿಂದ ಕಿತ್ತು ತಂದ ಗಿಡವನ್ನು ಮಾತ್ರ, ಅದು ಎಷ್ಟೇ ಅಪರೂಪವಾಗಿರಲಿ, ಮುಟ್ಟಬಾರದು. ಜಗತ್ತಿನ ಕಳ್ಳಿಜಾತಿಗಳಲ್ಲಿ ನೂರಕ್ಕೆ 31 ವಿನಾಶದ ಭೀತಿಯಲ್ಲಿವೆಯೆಂದು 2015ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಹವ್ಯಾಸಿಗಳಿಗಾಗಿ ನಡೆಯುವ ಕಳ್ಳಸಾಗಣೆ ಅದಕ್ಕೊಂದು ಮುಖ್ಯ ಕಾರಣ.

ಇದೆಲ್ಲಕ್ಕಿಂತ ಮಿಗಿಲಾದ ದಾರಿಯನ್ನು ಗೊಂಚಲುಕಳ್ಳಿ ತಾನೇ ತೋರಿಸಿದೆ. ಅದರ ಮರಿಗಳು ತಾಯಿಗೆ ಎಷ್ಟು ಸಡಿಲವಾಗಿ ಅಂಟಿರುತ್ತವೆಂದರೆ, ಗುಡಿಸುವಾಗ ಸೀರೆಯ ಸೆರಗು ತಾಗಿದರೂ ನಾಲ್ಕು ಉದುರುತ್ತವೆ, ಉದುರಿದುದೆಲ್ಲವೂ ಬೇರೂರಬಲ್ಲುದು. ಹಸ್ತ ಚಿತ್ತೆಗಳ ನಡುವೆ ಅಂತಹ ಒಂದು ಮರಿಯನ್ನು, ಗಿಡವಿರುವ ನೆರೆಯವರಿಂದ ಕೇಳಿ ತೆಗೆದುಕೊಳ್ಳಿರಿ. ಗಾಯವಾದ ತುದಿ ಒಣಗಲು ನಾಲ್ಕೈದು ದಿನ ನೆರಳಿನಲ್ಲಿ ಕಾಗದದ ಮೇಲೆ ಇಡಿರಿ. ಆಮೇಲೆ ಒಣ ಬದರ್‌ಪುರದ ಮೇಲೆ, ಹೂಳದೆ, ಸುಮ್ಮನೆ ಕೂರಿಸಿರಿ. ಮತ್ತೆ ಹತ್ತು ದಿನ ನೀರು ಹಾಕಬೇಡಿರಿ. ನನ್ನ ಕುಂಡದಿಂದ ಹೀಗೆ ಹೊರಟ ಮರಿಗಳು ಈಗ ನಮ್ಮ ಕಟ್ಟಡದ ಆರು ಬಾಲ್ಕನಿಗಳಲ್ಲಿ ಇವೆ. ಮುಂದಿನ ಸೆಪ್ಟೆಂಬರಿನಲ್ಲಿ ಉದುರುವವುಗಳಿಗೆ ಇನ್ನೂ ಮನೆ ಗೊತ್ತಾಗಿಲ್ಲ, ಕೇಳಿದವರಿಗೆ ಕೊಡುತ್ತೇನೆ.